ಮೀನು ಹಿಡಿಯುವ ಹಕ್ಕು ಇದೆ, ಮೀನಿಗೆ ಜಾಗ ಇದೆಯಾ?

2025ರ ಫೆಬ್ರವರಿ 27ರಂದು ಕೇರಳದ ಕರಾವಳಿಯಲ್ಲಿ ಮೀನುಗಾರರು ಬಂದ್ ಮಾಡಿದರು. ಕಾರಣ ಕಡಲಿನ ಮರಳು. ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಕಡಲ ತಳದ 13 ಖನಿಜ ಬ್ಲಾಕ್‌ಗಳನ್ನು ಹರಾಜಿಗೆ ಇಟ್ಟಿತ್ತು. ಅದರಲ್ಲಿ ಮೂರು ಕೊಲ್ಲಂ ಎದುರಿನ ಮರಳಿನ ಬ್ಲಾಕ್‌ಗಳು. ಕೊಲ್ಲಂ ಎಲ್ಲಿ, ಮಂಜೇಶ್ವರ ಎಲ್ಲಿ ಎಂದು ಅಂದುಕೊಳ್ಳುವಷ್ಟರಲ್ಲಿ ಮೇ 25ಕ್ಕೆ ಕೊಚ್ಚಿ ಕಡಲಲ್ಲಿ ಎಂಎಸ್‌ಸಿ ಎಲ್ಸಾ 3 ಎಂಬ ಹಡಗು ಮುಳುಗಿತು. ಜೂನ್ 9ರಂದು ವಾನ್ ಹೈ 503 ಎಂಬ ಇನ್ನೊಂದು ಹಡಗಿಗೆ ನಮ್ಮ ಪಕ್ಕದ ಕಣ್ಣೂರಿನ ಅಳೀಕಲ್ ಎದುರು ಬೆಂಕಿ ಬಿತ್ತು. ಆಮೇಲೆ ಕಾಸರಗೋಡಿನ ಮನೆಮನೆಯಲ್ಲೂ ಒಂದೇ ಮಾತು: ಮೀನು ತಿನ್ನಬಹುದಾ, ಬೇಡವಾ?

ಮಾರುಕಟ್ಟೆಯಲ್ಲಿ ಹುಟ್ಟುವ ಈ ಪ್ರಶ್ನೆಯ ಹಿಂದೆ ಇನ್ನೂ ದೊಡ್ಡದೊಂದು ಇದೆ. ಕಡಲ ಕರೆಗೆ ಬಂದರು, ಕಾರ್ಖಾನೆ, ವಿದ್ಯುತ್ ಸ್ಥಾವರ ಬಂದರೆ ಮೀನಿಗೆ ಏನಾಗುತ್ತದೆ? ತಲೆಮಾರುಗಳಿಂದ ಅಲ್ಲೇ ಬಲೆ ಬೀಸಿದವರಿಗೆ ಕಾನೂನಿನಲ್ಲಿ ಯಾವ ಹಕ್ಕಿದೆ? ಪತ್ರಿಕೆಯಲ್ಲಿ ಆಗಾಗ ಬರುವ 'ಬುಡಕಟ್ಟು ಜನರ ಮೀನುಗಾರಿಕೆ ಹಕ್ಕು' ಅಂದರೆ ಏನು, ಅದು ನಮಗೂ ಅನ್ವಯಿಸುತ್ತದಾ? ಒಂದೊಂದಾಗಿ ನೋಡೋಣ.

ಮೊದಲು ಅಳಿವೆ ಗೊತ್ತಿರಬೇಕು

ಹೊಳೆ ಕಡಲು ಸೇರುವ ಜಾಗವೇ ಅಳಿವೆ. ಕಾಸರಗೋಡು ಜಿಲ್ಲೆಯಲ್ಲಿ ಹನ್ನೆರಡು ಹೊಳೆಗಳು. ಉತ್ತರದಲ್ಲಿ ಮಂಜೇಶ್ವರ, ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್. ನಡುವೆ ಚಂದ್ರಗಿರಿ. ದಕ್ಷಿಣಕ್ಕೆ ಹೋದರೆ ನೀಲೇಶ್ವರ, ಕಾರ್ಯಂಗೋಡು, ಕವ್ವಾಯಿ. ಇಷ್ಟು ಸಣ್ಣ ಜಿಲ್ಲೆಗೆ ಇಷ್ಟೊಂದು ಹೊಳೆ ಎಂದರೆ ಕರಾವಳಿಯ ಉದ್ದಕ್ಕೂ ಅಳಿವೆಗಳೇ.

ಭರತದ ಹೊತ್ತಿಗೆ ಉಪ್ಪುನೀರು ಹೊಳೆಯೊಳಗೆ ನುಗ್ಗುತ್ತದೆ. ಇಳಿತದಲ್ಲಿ ಸಿಹಿನೀರು ಕಡಲಿಗೆ ಹೋಗುತ್ತದೆ. ಎರಡೂ ಬೆರೆತ ಈ ಚಪ್ಪೆ ಉಪ್ಪಿನ ನೀರಿನಲ್ಲಿ ಹೊಳೆ ತಂದ ಗೊಬ್ಬರವಿದೆ, ಬಿಸಿಲು ತಳ ಮುಟ್ಟುತ್ತದೆ, ಆಳ ಕಡಿಮೆ. ದಡದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರು ನೀರಿಗೆ ಇಳಿದು ಹೆಣೆದುಕೊಂಡಿರುತ್ತದೆ. ದೊಡ್ಡ ಮೀನು ಆ ಬೇರಿನ ನಡುವೆ ನುಗ್ಗಲಾರದು. ಮರಿಗಳಿಗೆ ಅಲ್ಲಿ ಊಟವೂ ಇದೆ, ಅಡಗಲು ಜಾಗವೂ ಇದೆ.

ಸಿಗಡಿಯನ್ನೇ ನೋಡಿ. ಅದು ಮೊಟ್ಟೆ ಇಡುವುದು ಕಡಲಿನಲ್ಲಿ. ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳು ಭರತದ ನೀರಿನ ಜೊತೆ ಅಳಿವೆಯೊಳಗೆ ಬರುತ್ತವೆ. ಕೆಲವು ತಿಂಗಳು ಅಲ್ಲಿ ಬೆಳೆದು ಮತ್ತೆ ಕಡಲಿಗೆ ಹೋಗುತ್ತವೆ. ಬೋಟಿನವರು ದೂರದ ಕಡಲಿನಲ್ಲಿ ಹಿಡಿಯುವ ಸಿಗಡಿಯ ಬಾಲ್ಯ ಕಳೆದದ್ದು ಯಾವುದೋ ಹೊಳೆಯ ಬಾಯಿಯಲ್ಲಿ. ನಮ್ಮ ಊರಿನ ಲೆಕ್ಕದಲ್ಲಿ ಹೇಳುವುದಾದರೆ ಅಳಿವೆ ಎಂದರೆ ನೇಜಿ (ಭತ್ತದ ಸಸಿ) ಹಾಕುವ ಗದ್ದೆ. ಜಾಗ ಸಣ್ಣದು. ಆದರೆ ಅದಕ್ಕೆ ಮಣ್ಣು ತುಂಬಿಸಿದರೆ ದೊಡ್ಡ ಬಯಲಿಗೆ ನೆಡಲು ನೇಜಿಯೇ ಇರುವುದಿಲ್ಲ. ಹತ್ತಿಪ್ಪತ್ತು ಎಕರೆ ಜೌಗು ತುಂಬಿಸಿದರೆ ಅಷ್ಟು ದೊಡ್ಡ ಕಡಲಿಗೆ ಏನು ಮಹಾ ಎಂದು ಕೇಳುವವರಿಗೆ ಇದೇ ಉತ್ತರ.

ಒಂದು ಮರುವಾಯಿಯ ಕಥೆ

ಇಳಿತದ ಹೊತ್ತಿಗೆ ಶಿರಿಯ, ಮೊಗ್ರಾಲ್ ಕಡೆ ಹೊಳೆಗೆ ಇಳಿದರೆ ಮರುವಾಯಿ ಎಂಬ ಚಿಪ್ಪುಜೀವಿಯನ್ನು ಹೆಕ್ಕುವವರು ಸಿಗುತ್ತಾರೆ. ಮೊಣಕಾಲು ನೀರಿನಲ್ಲಿ ನಿಂತು ಪಾದದಲ್ಲೇ ಮರಳು ತಡಕುತ್ತಾರೆ. ಗಟ್ಟಿ ಏನೋ ತಾಗಿದರೆ ಬಗ್ಗಿ ತೆಗೆಯುತ್ತಾರೆ. ದೋಣಿ ಬೇಡ, ಬಲೆ ಬೇಡ, ಡೀಸೆಲ್ ಬೇಡ. ಬಂಡವಾಳ ಇಲ್ಲದವರ ಮೀನುಗಾರಿಕೆ ಇದು.

ಮರುವಾಯಿ ಮರಳಿನೊಳಗೆ ಹೂತು ಕೂತಿರುತ್ತದೆ. ಎರಡು ಸಣ್ಣ ಕೊಳವೆ ಮಾತ್ರ ಮೇಲಕ್ಕೆ ಚಾಚುತ್ತದೆ. ಒಂದರಲ್ಲಿ ನೀರು ಒಳಗೆ ಹೋಗುತ್ತದೆ. ಕಿವಿರಿನಲ್ಲಿ ಸೋಸಿ ಆಹಾರ ಹಿಡಿದುಕೊಂಡು ಇನ್ನೊಂದರಲ್ಲಿ ನೀರು ಹೊರಗೆ ಬಿಡುತ್ತದೆ. ದಿನವಿಡೀ ಇದೇ ಕೆಲಸ. ಹಾಗಾಗಿ ಮರುವಾಯಿ ಇರುವ ಹೊಳೆಯ ನೀರು ತಿಳಿಯಾಗುತ್ತದೆ.

ಈಗ ಹತ್ತಿರದಲ್ಲೇ ಡ್ರೆಜಿಂಗ್ ಶುರುವಾಯಿತು ಎಂದುಕೊಳ್ಳಿ. ಡ್ರೆಜಿಂಗ್ ಅಂದರೆ ಹಡಗು ಬರಲಿಕ್ಕೆ ಆಳ ಬೇಕೆಂದು ತಳದ ಹೂಳು, ಮರಳು ಎತ್ತುವುದು. ನುಣ್ಣನೆಯ ಕೆಸರು ನೀರಿನಲ್ಲಿ ತೇಲುತ್ತದೆ. ಮರುವಾಯಿ ಚಿಪ್ಪು ಮುಚ್ಚಿ ಕೂರುತ್ತದೆ. ಒಂದೆರಡು ದಿನವಾದರೆ ತಡೆದುಕೊಂಡೀತು. ಮಳೆಗಾಲದ ಕೆಂಪುನೀರು ಅದಕ್ಕೆ ಹೊಸತೇನಲ್ಲ. ಆದರೆ ನೀರು ತಿಳಿಯಾಗಿ ಇರಬೇಕಾದ ತಿಂಗಳುಗಳಲ್ಲೂ ಕೆಸರು ಮುಂದುವರಿದರೆ ಕಿವಿರು ಕಟ್ಟಿಕೊಳ್ಳುತ್ತದೆ, ಹೊಟ್ಟೆಗಿಲ್ಲದೆ ಸಾಯುತ್ತದೆ. ಮೀನು ಈಜಿ ಬೇರೆ ಕಡೆ ಹೋದೀತು, ಮರುವಾಯಿ ಎಲ್ಲಿಗೆ ಹೋಗಬೇಕು?

ಪಡನ್ನ, ವಲಿಯಪರಂಬ ಕಡೆ ಕವ್ವಾಯಿ ಹಿನ್ನೀರಿನಲ್ಲಿ ನಡೆಯುವ ಪಚ್ಚಿಲೆ ಸಾಕಣೆಗೂ ಇದೇ ಮಾತು. ಮರುವಾಯಿಯಂತೆಯೇ ಎರಡು ಚಿಪ್ಪಿನ ಜೀವಿ, ಮಲಯಾಳದವರ ಕಲ್ಲುಮ್ಮಕಾಯ ಅದು. ಪಚ್ಚಿಲೆಯ ಮರಿಗಳನ್ನು ಹಗ್ಗದ ಸುತ್ತ ಇಟ್ಟು ಹತ್ತಿಬಟ್ಟೆ ಸುತ್ತುತ್ತಾರೆ. ನೀರಿಗೆ ಇಳಿಸಿದ ಕೆಲವೇ ದಿನಗಳಲ್ಲಿ ಬಟ್ಟೆ ಕೊಳೆತು ಹೋಗುತ್ತದೆ. ಅಷ್ಟರಲ್ಲಿ ಪಚ್ಚಿಲೆ ತನ್ನ ನೂಲಿನಿಂದ ಹಗ್ಗವನ್ನು ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ. ಮಳೆ ಬಂದು ನೀರಿನ ಉಪ್ಪು ಇಳಿಯುವ ಮೊದಲು ತೆಗೆದುಬಿಡಬೇಕು. ಮಹಿಳೆಯರ ಗುಂಪುಗಳು ಇದನ್ನೇ ನಂಬಿ ದುಡಿದಿವೆ. ಉಪ್ಪು, ಬಿಸಿ, ಕೆಸರು ಇವುಗಳಲ್ಲಿ ಒಂದು ಏರುಪೇರಾದರೂ ಆ ವರ್ಷದ ಹಗ್ಗ ಖಾಲಿ.

ಕೈಗಾರಿಕೆ ಬಂದರೆ ನೀರಿನಲ್ಲಿ ಏನು ಬದಲಾಗುತ್ತದೆ

ಮಾಲಿನ್ಯ ಎಂದ ಕೂಡಲೇ ನಮಗೆ ಕಪ್ಪು ನೀರು ಬಿಡುವ ಪೈಪು ನೆನಪಾಗುತ್ತದೆ. ಅದು ಒಂದು ಭಾಗ ಮಾತ್ರ. ಪೈಪಿನಿಂದ ಒಂದು ಹನಿ ಬರದಿದ್ದರೂ ಹಾನಿ ಆಗಬಹುದು.

ಅಲೆತಡೆಗೋಡೆಯನ್ನು ತೆಗೆದುಕೊಳ್ಳಿ. ಬಂದರಿನ ಒಳಗೆ ನೀರು ಶಾಂತವಾಗಿರಲಿ ಎಂದು ಕಡಲಿಗೆ ಚಾಚಿ ಕಟ್ಟುವ ಕಲ್ಲಿನ ಗೋಡೆ ಇದು. ಅಲೆಗಳು ಕರೆಯ ಉದ್ದಕ್ಕೂ ಮರಳನ್ನು ಸಾಗಿಸುತ್ತಲೇ ಇರುತ್ತವೆ. ಗೋಡೆ ಅಡ್ಡ ಬಂದರೆ ಒಂದು ಬದಿಯಲ್ಲಿ ಮರಳು ರಾಶಿ ಬೀಳುತ್ತದೆ. ಇನ್ನೊಂದು ಬದಿಗೆ ಹೊಸ ಮರಳು ಬರುವುದಿಲ್ಲ, ಇದ್ದದ್ದನ್ನು ಮಾತ್ರ ಕಡಲು ಕೊಂಡುಹೋಗುತ್ತದೆ. ಕಡಲ್ಕೊರೆತ ಆಗ ಜಾಸ್ತಿಯಾಗುತ್ತದೆ. ಉಪ್ಪಳದ ಮೂಸೋಡಿ ಕಡೆಯವರಿಗೆ ಕಡಲ್ಕೊರೆತ ಅಂದರೆ ಏನೆಂದು ವಿವರಿಸಬೇಕಾಗಿಲ್ಲ. ಕೊರೆತ ತಡೆಯಲು ಮತ್ತೆ ಕಲ್ಲು ಸುರಿಯುತ್ತಾರೆ. ಮನೆ ಉಳಿಯಬಹುದು. ಆದರೆ ದಡದಲ್ಲಿ ನಿಂತು ಎಳೆಯುವ ಕೈರಂಪಣಿ ಬಲೆಗೆ ಮರಳಿನ ದಡ ಬೇಕು. ನಾಡದೋಣಿ ಮೇಲೆಳೆದು ಇಡಲು ಜಾಗ ಬೇಕು. ಬಲೆ ಒಣಗಿಸಬೇಕು. ಕಲ್ಲಿನ ರಾಶಿಯ ಮೇಲೆ ಇದ್ಯಾವುದೂ ಆಗದು. ಮೀನು ಹಿಡಿಯಬೇಡಿ ಎಂದು ಯಾರೂ ಆದೇಶ ಹೊರಡಿಸಲಿಲ್ಲ, ಆದರೂ ಮೀನುಗಾರಿಕೆ ನಿಂತಿತು. ನನಗೆ ಎಲ್ಲಕ್ಕಿಂತ ಗಂಭೀರ ಅನ್ನಿಸುವುದು ಇದು. ಯಾವ ಕಡತದಲ್ಲೂ ಇದು 'ಹಕ್ಕು ಕಳೆದುಕೊಂಡರು' ಎಂದು ದಾಖಲಾಗುವುದಿಲ್ಲ.

ಇನ್ನು ವಿದ್ಯುತ್ ಸ್ಥಾವರ, ರಿಫೈನರಿಗಳು. ಯಂತ್ರ ತಣಿಸಲು ಇವು ಕಡಲ ನೀರನ್ನು ಎಳೆದುಕೊಳ್ಳುವುದುಂಟು. ನೀರಿನ ಜೊತೆ ಮೀನಿನ ಮೊಟ್ಟೆ, ಮರಿಗಳೂ ಒಳಗೆ ಹೋಗುತ್ತವೆ. ಹೊರಗೆ ಬರುವ ನೀರು ಬಿಸಿ. ಬಿಸಿನೀರಿನಲ್ಲಿ ಪ್ರಾಣವಾಯು ಕಡಿಮೆ ಕರಗುತ್ತದೆ. ಕೆಲವು ಡಿಗ್ರಿ ಏರಿದರೂ ಆ ಜಾಗ ಬಿಟ್ಟು ಹೋಗುವ ಮೀನುಗಳಿವೆ.

ತ್ಯಾಜ್ಯದ ವಿಷಯಕ್ಕೆ ಬಂದರೆ, ಕಡಲು ದೊಡ್ಡದು, ಎಲ್ಲಾ ಕರಗಿ ಹೋಗುತ್ತದೆ ಎಂಬ ಮಾತಿದೆ. ಎಲ್ಲವೂ ಕರಗುವುದಿಲ್ಲ. ಪಾದರಸದಂಥ ಲೋಹ ಕೊಳೆಯುವ ವಸ್ತು ಅಲ್ಲ. ಸಣ್ಣ ಮೀನಿನಿಂದ ದೊಡ್ಡ ಮೀನಿಗೆ, ಅಲ್ಲಿಂದ ನಮ್ಮ ಬಟ್ಟಲಿಗೆ ಬರುವಾಗ ಅದರ ಪ್ರಮಾಣ ಹೆಚ್ಚುತ್ತಾ ಹೋಗುತ್ತದೆ. ಗೊಬ್ಬರದ ಅಂಶ ಅತಿಯಾಗಿ ಸೇರಿದರೆ ಪಾಚಿ ಉಕ್ಕಿ ಬೆಳೆಯುತ್ತದೆ. ಅದು ಸತ್ತು ಕೊಳೆಯುವಾಗ ನೀರಿನ ಪ್ರಾಣವಾಯುವನ್ನು ಹೀರಿಕೊಳ್ಳುತ್ತದೆ. ಹೊಳೆಯಲ್ಲಿ ಒಂದು ಬೆಳಿಗ್ಗೆ ಮೀನುಗಳು ಬೆಳ್ಳಗೆ ಹೊಟ್ಟೆ ಮೇಲಾಗಿ ತೇಲುವುದಕ್ಕೆ ಇದೂ ಒಂದು ಕಾರಣ.

ಹೊಳೆಗೆ ಅಡ್ಡ ಕಟ್ಟುವ ಗೋಡೆಗಳನ್ನೂ ಮರೆಯಬಾರದು. ಉಪ್ಪುನೀರು ಮೇಲೆ ಬರದಂತೆ ತಡೆಯುವ ಕಟ್ಟೆಗಳು ನಮಗೆ ಬೇಕೇ ಬೇಕು. ಬೇಸಿಗೆಯಲ್ಲಿ ಕಾಸರಗೋಡು ನಗರದ ನಲ್ಲಿಯಲ್ಲಿ ಉಪ್ಪುನೀರು ಬಂದ ಕಾಲ ಎಲ್ಲರಿಗೂ ನೆನಪಿದೆ. ಆದರೆ ವರ್ಷವಿಡೀ ಮುಚ್ಚಿರುವ ಗೋಡೆ ಮೀನಿನ ದಾರಿಯನ್ನೂ ಮುಚ್ಚುತ್ತದೆ. ಏತಡ್ಕದ ಕೃಷಿಕರು ಹಿಂದಿನಿಂದ ಕಟ್ಟಿಕೊಂಡು ಬಂದ ಕಟ್ಟಗಳಲ್ಲಿ ಆ ತೊಂದರೆ ಇರಲಿಲ್ಲ. ಬೇಸಿಗೆಗೆ ಕಟ್ಟುತ್ತಾರೆ, ಮಳೆಗಾಲಕ್ಕೆ ಬಿಡಿಸುತ್ತಾರೆ. ಮೊದಲ ಮಳೆಗೆ ಮೀನು ಹತ್ತುವ ಹೊತ್ತಿಗೆ ದಾರಿ ತೆರೆದಿರುತ್ತದೆ.

ಮೀನು ಕಡಿಮೆಯಾದರೆ ಎಲ್ಲಾ ತಪ್ಪೂ ಕಾರ್ಖಾನೆಯದ್ದಾ?

ಅಲ್ಲ. ಬೂತಾಯಿ (ಸಾರ್ಡೀನ್) ಮೀನಿನ ಲೆಕ್ಕ ನೋಡಿದರೆ ಗೊತ್ತಾಗುತ್ತದೆ. ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಪ್ರಕಾರ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,300 ಟನ್ನಿನ ಆಸುಪಾಸು. ಕಡಲ ನೀರಿನ ಬಿಸಿ, ಮಳೆಯ ಏರುಪೇರು, ಕೆಲವು ವರ್ಷಗಳಿಗೊಮ್ಮೆ ಶಾಂತಸಾಗರದ ನೀರು ಬಿಸಿಯಾಗುವ ಎಲ್ ನಿನೋ ಇವೆಲ್ಲ ಬೂತಾಯಿಯ ಆಹಾರ ಮತ್ತು ಸಂತಾನದ ಮೇಲೆ ಪರಿಣಾಮ ಬೀರುತ್ತವೆ. ಮರಿಮೀನನ್ನೂ ಬಿಡದೆ ಬಾಚುವ ಬಲೆಗಳ ಪಾಲೂ ಇದೆ.

ಹಾಗಿದ್ದರೆ ಅಳಿವೆಯ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳುವುದು ಏಕೆ? ಎಲ್ ನಿನೋ ಬಂದು ಹೋಗುತ್ತದೆ. ಮೀನು ಕುಸಿದರೂ ಮರಿ ಬೆಳೆಯುವ ಜಾಗ ಉಳಿದಿದ್ದರೆ ಒಳ್ಳೆಯ ವರ್ಷದಲ್ಲಿ ಅಲ್ಲೇ ಬೆಳೆಯುವ ಮೀನು, ಸಿಗಡಿ ಮತ್ತೆ ಹೆಚ್ಚುತ್ತವೆ. ಆ ಜಾಗವನ್ನೇ ಕಾಂಕ್ರೀಟ್ ಮಾಡಿದರೆ ಒಳ್ಳೆಯ ವರ್ಷ ಬಂದೂ ಪ್ರಯೋಜನವಿಲ್ಲ.

ಕಡಲು ಯಾರದು, ಹಕ್ಕು ಯಾರದು

ನಮ್ಮ ಸಂವಿಧಾನದಲ್ಲಿ ಮೀನುಗಾರಿಕೆ ರಾಜ್ಯದ ವಿಷಯ. ಕರೆಯಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿಲೋಮೀಟರ್ ತನಕ ರಾಜ್ಯ ಸರ್ಕಾರದ ನಿಯಮ. ಅಲ್ಲಿಂದ ಆಚೆ 200 ನಾಟಿಕಲ್ ಮೈಲು ತನಕ ಕೇಂದ್ರದ್ದು. ತಲಪಾಡಿಯ ಗಡಿಯಲ್ಲಿ ಇದರ ಪರಿಣಾಮ ನೇರವಾಗಿ ಕಾಣುತ್ತದೆ. ಮಳೆಗಾಲದ ನಿಷೇಧ ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ. ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರ ತನಕ 52 ದಿನ.

ಈ ಕಾನೂನುಗಳು ಯಾವ ಬೋಟು, ಯಾವ ಬಲೆ, ಯಾವ ತಿಂಗಳು ಎಂದು ಹೇಳುತ್ತವೆ. ಮೀನು ಬೆಳೆಯುವ ಜಾಗವನ್ನು ಕಾಯುವ ಕೆಲಸ ಇವುಗಳದ್ದಲ್ಲ. ಅದಕ್ಕೆ ಬೇರೆ ಕಾನೂನು, ಬೇರೆ ಇಲಾಖೆ. ಒಂದು ಕಡೆ ಮೀನು ಹಿಡಿಯಲು ಲೈಸನ್ಸ್ ಕೊಡುತ್ತಾರೆ, ಇನ್ನೊಂದು ಕಡೆ ಅಳಿವೆಗೆ ಮಣ್ಣು ಹಾಕಲು ಅನುಮತಿ ಕೊಡಬಹುದು. ಎರಡೂ ಕಾನೂನುಬದ್ಧ. ಗೊಂದಲದ ಮೂಲ ಇಲ್ಲಿದೆ.

ಬುಡಕಟ್ಟಿನ ವಿಷಯದಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ನಮ್ಮ ಕಡಲ ಮೀನುಗಾರರಾದ ಮೊಗವೀರರು, ಮುಕಯರು ಪರಿಶಿಷ್ಟ ಪಂಗಡದವರಲ್ಲ. ಜಿಲ್ಲೆಯ ಕೊರಗರು, ಮಲವೆಟ್ಟುವರು, ಮಾವಿಲರು, ಮರಾಟಿಗಳು ಪರಿಶಿಷ್ಟ ಪಂಗಡದವರು. ಆದರೆ ಇವರಲ್ಲಿ ಕಡಲ ಮೀನುಗಾರಿಕೆ ಕುಲಕಸುಬಲ್ಲ. ಕಾಡಿನೊಳಗಿನ ತೋಡು, ಹೊಳೆಯ ಮೀನಿನ ಬಗ್ಗೆ 2006ರ ಅರಣ್ಯ ಹಕ್ಕು ಕಾಯ್ದೆ ಮಾತಾಡುತ್ತದೆ. ಅದರ 3(1)(ಡಿ) ಕಲಮಿನಲ್ಲಿ ಜಲಮೂಲಗಳ ಮೀನು ಮತ್ತು ಇತರ ಉತ್ಪನ್ನಗಳನ್ನು ಸಮುದಾಯದ ಹಕ್ಕು ಎಂದು ಸೇರಿಸಿದ್ದಾರೆ. ಗ್ರಾಮಸಭೆಯಲ್ಲಿ, ಕೇರಳದ ಮಾತಿನಲ್ಲಿ ಊರುಕೂಟದಲ್ಲಿ, ಅರ್ಜಿ ಶುರುವಾಗಿ ಉಪವಿಭಾಗ ಸಮಿತಿ ದಾಟಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸಮಿತಿಯಲ್ಲಿ ತೀರ್ಮಾನವಾಗುತ್ತದೆ. ಕಡಲಿಗೆ ಇಂಥ ಹಕ್ಕು ಕಾಯ್ದೆ ಇಲ್ಲ.

ಬರೆದ ಕಾನೂನು ಇಲ್ಲದಿದ್ದರೂ ರೂಢಿಯ ಕಾನೂನು ಇತ್ತು. ಉತ್ತರ ಮಲಬಾರಿನ ಕರೆಯಲ್ಲಿ ದೇವಸ್ಥಾನದ ಅಂಗಳದಲ್ಲಿ ಸೇರುವ 'ಕಡಕ್ಕೋಡಿ' ಎಂಬ ಕಡಲ ಕೋರ್ಟು ಪ್ರಸಿದ್ಧ. ಯಾವ ಬಲೆ ಹಾಕಬಹುದು, ಜಗಳ ಬಂದರೆ ಯಾರು ದಂಡ ಕಟ್ಟಬೇಕು ಎಂದು ಅಲ್ಲೇ ತೀರ್ಮಾನ. ಆದರೆ ಬಂದರಿನ ಕಡತ ಓಡಾಡುವ ಕಚೇರಿಯಲ್ಲಿ ಈ ರೂಢಿಗೆ ಬೆಲೆ ಕಡಿಮೆ.

ಲಮ್ಮಿ ಜನರ ಹಳೆಯ ಒಪ್ಪಂದ

ರೂಢಿಯ ಹಕ್ಕು ಕಾಗದದಲ್ಲಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯ ಒಳ್ಳೆಯ ಉದಾಹರಣೆ. ಅಲ್ಲಿನ ಲಮ್ಮಿ ಮತ್ತು ಇತರ ಬುಡಕಟ್ಟುಗಳು 1855ರ ಜನವರಿಯಲ್ಲಿ ಅಮೆರಿಕ ಸರ್ಕಾರಕ್ಕೆ ಭೂಮಿ ಬಿಟ್ಟುಕೊಟ್ಟವು. ಆದರೆ ಒಂದು ಮುಖ್ಯ ಹಕ್ಕನ್ನು ಉಳಿಸಿಕೊಂಡವು: ತಾವು ರೂಢಿಯಾಗಿ ಮೀನು ಹಿಡಿಯುವ ಜಾಗಗಳಲ್ಲಿ ಉಳಿದ ನಾಗರಿಕರ ಜೊತೆ ಮೀನು ಹಿಡಿಯುವುದು. ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ಆ ಮಾತು ಕಾಗದದಲ್ಲೇ ಉಳಿಯಿತು. ಹೊಳೆಗೆ ಬಲೆ ಹಾಕಿದ ಬುಡಕಟ್ಟಿನವರನ್ನು ಪೊಲೀಸರು ಹಿಡಿದುಕೊಂಡು ಹೋಗುತ್ತಿದ್ದರು. 1974ರ ಫೆಬ್ರವರಿ 12ರಂದು ನ್ಯಾಯಾಧೀಶ ಜಾರ್ಜ್ ಬೋಲ್ಟ್ ತೀರ್ಪು ಕೊಟ್ಟರು: ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಈ ಬುಡಕಟ್ಟುಗಳದ್ದು.

ಪಾಲೇನೋ ಸಿಕ್ಕಿತು, ಆದರೆ ಮೀನೇ ಕಡಿಮೆಯಾಗುತ್ತಿದ್ದರೆ? ಸಾಲ್ಮನ್ ಮೀನು ಮೊಟ್ಟೆ ಇಡಲು ಕಡಲಿನಿಂದ ಹೊಳೆಯ ಮೇಲಕ್ಕೆ ಹೋಗುತ್ತದೆ. ರಸ್ತೆಯ ಕೆಳಗೆ ಸರ್ಕಾರ ಹಾಕಿದ ಮೋರಿಗಳು ಅದರ ದಾರಿಗೆ ಅಡ್ಡವಾಗಿದ್ದವು. 21 ಬುಡಕಟ್ಟುಗಳು 2001ರಲ್ಲಿ ಕೋರ್ಟಿಗೆ ಹೋದವು. 2018ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಾಧೀಶರು 4-4 ಎಂದು ಸಮವಾಗಿ ಬೇರೆಯಾದ ಕಾರಣ ಕೆಳಗಿನ ಕೋರ್ಟಿನ ತೀರ್ಪು ನಿಂತಿತು. ಮೋರಿ ಸರಿಮಾಡುವುದು ರಾಜ್ಯದ ಹೊಣೆ ಎಂದಾಯಿತು.

ಲಮ್ಮಿಗಳ ಕಡಲ ಕರೆಯಲ್ಲಿ ಚೆರ್ರಿ ಪಾಯಿಂಟ್ ಎಂಬ ಜಾಗವಿದೆ. ಎರಡು ರಿಫೈನರಿ, ಒಂದು ಅಲ್ಯೂಮಿನಿಯಂ ಕಾರ್ಖಾನೆ ಆ ಭಾಗಕ್ಕೆ ಮೊದಲೇ ಬಂದಿದ್ದವು. ಬೂತಾಯಿಯ ಬಳಗದ ಹೆರಿಂಗ್ ಮೀನು ಅಲ್ಲಿನ ಕಡಲ ಹುಲ್ಲಿನ ಮೇಲೆ ಮೊಟ್ಟೆ ಇಡುತ್ತದೆ, ಆ ಹೆರಿಂಗನ್ನು ಸಾಲ್ಮನ್ ತಿನ್ನುತ್ತದೆ. 1973ರಲ್ಲಿ ಅಲ್ಲಿ ಸುಮಾರು 15,000 ಟನ್ ಇದ್ದ ಹೆರಿಂಗ್ 2010ರ ದಶಕದ ಹೊತ್ತಿಗೆ ಹತ್ತನೇ ಒಂದು ಪಾಲಿಗಿಂತಲೂ ಕೆಳಗೆ ಇಳಿದಿತ್ತು. ಕಾರಣ ಒಂದೇ ಎಂದು ಹೇಳಲಾಗದು. ಅದೇ ಜಾಗಕ್ಕೆ ಕಲ್ಲಿದ್ದಲು ಸಾಗಿಸುವ ದೊಡ್ಡ ಬಂದರಿನ ಯೋಜನೆ ಬಂದಾಗ ಲಮ್ಮಿಗಳು ವಿರೋಧಿಸಿದರು. 2016ರ ಮೇ 9ರಂದು ಅಮೆರಿಕದ ಸೇನೆಯ ಎಂಜಿನಿಯರಿಂಗ್ ವಿಭಾಗ ಅನುಮತಿ ನಿರಾಕರಿಸಿತು. ಕೊಟ್ಟ ಕಾರಣ ನೇರವಾಗಿತ್ತು: ಈ ಬಂದರು ಒಪ್ಪಂದದ ಮೀನುಗಾರಿಕೆ ಹಕ್ಕಿಗೆ ಧಕ್ಕೆ ತರುತ್ತದೆ.

ನಮ್ಮ ಮೊಗವೀರರಿಗೆ, ಮುಕಯರಿಗೆ ಅಂಥ ಒಪ್ಪಂದ ಇಲ್ಲ. ಹಾಗಾಗಿ ಅಲ್ಲಿನ ತೀರ್ಪನ್ನು ಇಲ್ಲಿ ತಂದು ಕೂರಿಸಲಾಗದು. ಆದರೆ ಮೀನು ಹಿಡಿಯುವ ಹಕ್ಕನ್ನೂ ಮೀನಿನ ಜಾಗವನ್ನೂ ಒಟ್ಟಿಗೆ ನೋಡಬಹುದು ಎಂದು ಅಲ್ಲಿನವರು ತೋರಿಸಿದ್ದಾರೆ. ನಮ್ಮಲ್ಲಿ ಅವೆರಡೂ ಇನ್ನೂ ಬೇರೆ ಬೇರೆ ಕಡತದಲ್ಲೇ ಇವೆ.

ನಮ್ಮ ಕೈಯಲ್ಲಿ ಇರುವುದೇನು

ಮುಖ್ಯವಾದದ್ದು ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಪತ್ರಿಕೆಗಳ ಮಾತಿನಲ್ಲಿ ಸಿಆರ್‌ಝಡ್. ಮೊದಲು ಬಂದದ್ದು 1991ರಲ್ಲಿ, ಬದಲಾಗಿ 2011ರಲ್ಲಿ, ಮತ್ತೆ 2019ರಲ್ಲಿ. ಭರತದ ನೀರು ಮುಟ್ಟುವ ಗೆರೆಯಿಂದ ಒಳಗೆ 500 ಮೀಟರ್ ತನಕ ಇದರ ವ್ಯಾಪ್ತಿ. ಕಾಂಡ್ಲಾ ಕಾಡಿಗೆ ಅತಿ ಹೆಚ್ಚು ರಕ್ಷಣೆ. ಉಪ್ಪುನೀರು ಏರುವ ಹೊಳೆಯ ದಡದಲ್ಲಿ 2011ರಲ್ಲಿ 100 ಮೀಟರ್ ಇದ್ದ ಮಿತಿಯನ್ನು 2019ರಲ್ಲಿ 50 ಮೀಟರಿಗೆ ಇಳಿಸಿದರು. ಹೊಳೆ ಅದಕ್ಕಿಂತ ಕಿರಿದಾಗಿದ್ದರೆ ಅದರ ಅಗಲದಷ್ಟೇ. ಅಳಿವೆಯ ಮಹತ್ವ ಗೊತ್ತಾದ ಮೇಲೆ ಈ ಇಳಿಕೆ ಎಷ್ಟು ದೊಡ್ಡದು ಎಂದು ಓದುಗರೇ ಅಂದಾಜು ಮಾಡಬಹುದು. ಮೀನುಗಾರರನ್ನು ಸೇರಿಸಿಕೊಂಡೇ ನಿರ್ವಹಿಸಬೇಕಾದ ಅತಿ ಸೂಕ್ಷ್ಮ ಕರಾವಳಿಗಳು ಎಂದು ಇದೇ ಅಧಿಸೂಚನೆ ಕೆಲವು ಜಾಗಗಳನ್ನು ಹೆಸರಿಸುತ್ತದೆ. ಕರ್ನಾಟಕದ ಕಾರವಾರ, ಕುಂದಾಪುರ, ಕೇರಳದ ವೇಂಬನಾಡು ಅದರಲ್ಲಿವೆ. ಚಂದ್ರಗಿರಿ, ಶಿರಿಯ, ಕವ್ವಾಯಿಯ ಹೆಸರು ಇಲ್ಲ.

ಎರಡನೆಯದು ಸಾರ್ವಜನಿಕ ಅಹವಾಲು ಸಭೆ. 2006ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆಯಡಿ ಬರುವ ದೊಡ್ಡ ಯೋಜನೆಗಳಿಗೆ ಸಾಮಾನ್ಯವಾಗಿ ಇದು ಬೇಕು. ಮಾಲಿನ್ಯ ನಿಯಂತ್ರಣ ಮಂಡಳಿ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಸಿಗಬೇಕು. ಸಭೆಗೆ ಬರಲಾಗದವರು ಬರೆದು ಕಳಿಸಬಹುದು.

ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಕನ್ನಡಿಗರು ಒಂದು ವಿಷಯ ತಿಳಿದಿರಬೇಕು. ಮಲಯಾಳದ ಕಾಗದ ಅರ್ಥವಾಗಲಿಲ್ಲ ಎಂದು ಸುಮ್ನೆ ಇರಬೇಕಾಗಿಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರದ ಜೊತೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡುವ ಅವಕಾಶ ಕೊಟ್ಟಿದೆ, ಉತ್ತರವೂ ಕನ್ನಡದಲ್ಲಿ ಬರಬೇಕು. ಸಂವಿಧಾನದ 350ನೇ ವಿಧಿಯ ಬಲವೂ ಇದೆ.

ಆಕ್ಷೇಪಣೆಯಲ್ಲಿ ಏನು ಬರೆಯಬೇಕು? ಯೋಜನೆ ಬೇಡ ಎಂಬ ಒಂದು ಸಾಲಿಗಿಂತ ವಿವರಕ್ಕೆ ತೂಕ ಜಾಸ್ತಿ. ಕೈರಂಪಣಿ ಎಳೆಯುವ ದಡ ಎಲ್ಲಿಂದ ಎಲ್ಲಿಯ ತನಕ, ದೋಣಿ ಇಡುವ ಜಾಗ ಯಾವುದು, ಮರುವಾಯಿ ಸಿಗುವ ಮರಳುದಿಣ್ಣೆ ಎಲ್ಲಿದೆ, ಸಿಗಡಿ ಮರಿ ಯಾವ ತಿಂಗಳು ಹೊಳೆಗೆ ಬರುತ್ತದೆ, ಎಷ್ಟು ಮನೆಗಳು ಇದನ್ನು ನಂಬಿವೆ. ಇದನ್ನು ಒಂದು ನಕ್ಷೆಯ ಮೇಲೆ ಗುರುತು ಹಾಕಿ ಕೊಟ್ಟರೆ, ನಿಮ್ಮ ರೂಢಿಯ ಹಕ್ಕು ಮೊದಲ ಬಾರಿಗೆ ಸರ್ಕಾರದ ಕಡತದೊಳಗೆ ಹೋಗುತ್ತದೆ. ಸಭೆ ಮುಗಿಯುವಾಗ ನಡಾವಳಿಯನ್ನು ಜನರ ಭಾಷೆಯಲ್ಲಿ ಓದಿ ಹೇಳಬೇಕು ಎಂದು ಅದೇ ಅಧಿಸೂಚನೆ ಹೇಳುತ್ತದೆ. ಓದುವಾಗ ನೀವು ಹೇಳಿದ್ದು ಅದರಲ್ಲಿ ಇಲ್ಲದಿದ್ದರೆ ಅಲ್ಲೇ ಎದ್ದು ನಿಂತು ಸೇರಿಸಲು ಹೇಳಿ, ಜಿಲ್ಲಾಧಿಕಾರಿ ಸಹಿ ಹಾಕುವ ಮೊದಲು.